ಮಡಿ ಬೇರೆ, ಕೈ ತೊಳೆಯೋದು ಬೇರೆ



ಪೋಸ್ಟ್ ಉದ್ದ ಇದೆ. ಆದರೂ ಪೂರ್ತಿ ಓದಿ ಅಂತ ಕೇಳ್ಕೋತೀನಿ. ಯಾಕಂದ್ರೆ ಇದನ್ನ ಓದ್ತಿರೋ ಎಷ್ಟೋ ಜನರ ಮನೇಲಿ ಅವ್ವನೋ, ಅಕ್ಕನೋ, ಅತ್ತಿಗೆಯೋ ಪೊರಕೆ ಹಿಡಿದು ಆಸ್ಪತ್ರೆಗೋ ಬೀದಿಗೋ ಕೆಲಸಕ್ಕೆ ಹೋಗ್ತಾರೆ. ಅವರಿಗೆ ನಾಳೆ ಬೆಳಿಗ್ಗೆ ಬೇಕಾಗಬಹುದಾದ ಮಾತು ಇದರಲ್ಲಿದೆ.

ಎರಡು ತಿಂಗಳ ಹಿಂದೆ ನನ್ನ ಚಿಕ್ಕಮ್ಮನ ಮಗಳಿಗೆ ಸೂಜಿ ಚುಚ್ಚಿತು. ಅವಳು ಒಂದು ಖಾಸಗಿ ಆಸ್ಪತ್ರೇಲಿ ಹೌಸ್‌ಕೀಪಿಂಗ್ ಕೆಲಸ ಮಾಡ್ತಾಳೆ. ಆರು ವರ್ಷ ಆಯ್ತು. ಸಂಬಳ ಕೊಡೋದು ಆಸ್ಪತ್ರೆಯಲ್ಲ, ಏಜೆನ್ಸಿ. ಶನಿವಾರ ರಾತ್ರಿ ಹತ್ತು ಗಂಟೆ ಹೊತ್ತಿಗೆ ವಾರ್ಡಿನ ಕಸದ ಕಪ್ಪು ಚೀಲದ ಬಾಯಿ ಕಟ್ಟುವಾಗ ಅಂಗೈಗೆ ಚುಕ್ ಅಂತು. ತೆಳ್ಳನೆ ಗ್ಲೌಸ್ ಹರಿದು ರಕ್ತ ಬಂತು. ಕಪ್ಪು ಚೀಲ ಅಂದ್ರೆ ಊಟದ ಎಂಜಲು, ಕಾಗದ, ಬಿಸ್ಕೆಟ್ ಪೊಟ್ಟಣ ಹಾಕೋ ಚೀಲ. ಅದರಲ್ಲಿ ಸೂಜಿ ಇರಲೇಬಾರದು. ಆದರೆ ಇತ್ತು. ಯಾವ ರೋಗಿಗೆ ಚುಚ್ಚಿದ ಸೂಜಿ ಅಂತ ಯಾರಿಗೂ ಗೊತ್ತಿಲ್ಲ.

ನರ್ಸಮ್ಮ "ತೊಳ್ಕೋ" ಅಂದರು. ಸೂಪರ್‌ವೈಸರ್ "ಸ್ಪಿರಿಟ್ ಹಾಕ್ಕೋ, ಯಾರಿಗೂ ಹೇಳೋಕೆ ಹೋಗ್ಬೇಡ, ಏಜೆನ್ಸಿಯವರು ಕೆಲಸದಿಂದ ತೆಗೆದುಬಿಡ್ತಾರೆ" ಅಂದ. ಅವಳು ಬೆಳಗಿನವರೆಗೂ ಶಿಫ್ಟ್ ಮುಗಿಸಿ ಮನೆಗೆ ಬಂದಳು.

ಸೋಮವಾರ ಸಂಜೆ ಆರು ಗಂಟೆಗೆ ರೇಷನ್ ಕಾರ್ಡ್ ತಿದ್ದುಪಡಿ ಅರ್ಜಿ ಬರೆಸೋಕೆ ಅಂತ ನಮ್ಮ ಮನೆಗೆ ಬಂದಿದ್ದಳು. ಸಹಿ ಹಾಕುವಾಗ ಕೈಗೆ ಸುತ್ತಿದ್ದ ಬಟ್ಟೆ ನೋಡಿ "ಏನಾಯ್ತೇ?" ಅಂದೆ. "ಏನಿಲ್ಲಣ್ಣ, ಸೂಜಿ" ಅಂದಳು. ನಾನು ಬೆರಳು ಮಡಚಿ ಗಂಟೆ ಲೆಕ್ಕ ಹಾಕಿದೆ. 44 ಗಂಟೆ. ಎಚ್‌ಐವಿ ತಡೆಯೋ ಮಾತ್ರೆ ಶುರು ಮಾಡಬೇಕಾದ್ದು ಎರಡು ಗಂಟೆಯೊಳಗೆ ಆದರೆ ಒಳ್ಳೇದು, ತಡ ಅಂದ್ರೂ 72 ಗಂಟೆಯೊಳಗೆ. ಅದು ನನಗೆ ಗೊತ್ತಿದ್ದದ್ದು ಯಾವುದೋ ಹಳೇ ಕಾರ್ಯಾಗಾರದಿಂದ. ಅರ್ಜಿ ಅಲ್ಲೇ ಬಿಟ್ಟು ಗಾಡಿ ತೆಗೆದೆ. ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಂದು ಮಾತೂ ಗದರದೆ ಪರೀಕ್ಷೆಗೆ ರಕ್ತ ತಗೊಂಡು ರಾತ್ರಿ ಒಂಬತ್ತಕ್ಕೆ ಮೊದಲ ಮಾತ್ರೆ ನುಂಗಿಸಿದರು. 47ನೇ ಗಂಟೆ. "ಇನ್ನೊಂದು ದಿನ ತಡ ಮಾಡಿದ್ರೆ ಕೊಟ್ಟೂ ಪ್ರಯೋಜನ ಇರ್ತಿರಲಿಲ್ಲ" ಅಂದರು. ಆ ಡಾಕ್ಟರಿಗೆ ನಾನು ಋಣಿ.

28 ದಿನ ಮಾತ್ರೆ ತಗೊಂಡಳು. ವಾಕರಿಕೆ, ಸುಸ್ತು. ಕೆಲಸಕ್ಕೆ ರಜೆ ಹಾಕಿದ ದಿನಗಳಿಗೆ ಸಂಬಳ ಕತ್ತರಿ. ಮೊದಲ ದಿನದ ಪರೀಕ್ಷೆ ನೆಗೆಟಿವ್, ಆರು ವಾರದ್ದೂ ನೆಗೆಟಿವ್. ಮೂರು ತಿಂಗಳ ಪರೀಕ್ಷೆ ಮುಂದಿನ ತಿಂಗಳು. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಅವಳಿಗೆ ಬಿದ್ದದ್ದು ಅವತ್ತು. ಆರು ವರ್ಷ ಆಸ್ಪತ್ರೆಯ ಕಸ ಎತ್ತಿದ ಮೇಲೆ, ಸೂಜಿ ಚುಚ್ಚಿದ ಮೇಲೆ.

ಇದಿಷ್ಟೇ ಆಗಿದ್ರೆ ನಾನು ಒಂದು ದೂರು ಬರೆದು ಸುಮ್ಮನಾಗ್ತಿದ್ದೆ. ಆದರೆ ಮೂರನೇ ವಾರ ಅವಳ ಮನೆಗೆ ಹೋದಾಗ ಇನ್ನೊಂದು ನೋಡಿದೆ. ಅವಳ ತಟ್ಟೆ, ಲೋಟ ಬೇರೆ. ಬಚ್ಚಲ ಹತ್ತಿರದ ಗೂಡಿನಲ್ಲಿ ಇಟ್ಟಿದ್ದಾರೆ. ಅತ್ತೆ ನೀರು ಮೇಲಿಂದ ಸುರೀತಾರೆ. ಮಗಳನ್ನ ಪಕ್ಕದಲ್ಲಿ ಮಲಗಿಸಲ್ಲ. ಹೋಟೆಲಿನ ಹೊರಗೆ ಗೋಡೆ ಮೇಲಿಟ್ಟ ತೆಂಗಿನ ಚಿಪ್ಪಲ್ಲಿ ಕಾಫಿ ಕುಡಿದ ನಮ್ಮಪ್ಪನ ಕಥೆ ಕೇಳಿ ಬೆಳೆದವನು ನಾನು. ಆ ಲೋಟ ನಮ್ಮ ಕೇರಿಯೊಳಗೇ, ನಮ್ಮ ಮನೆಯೊಳಗೇ ಬಂದು ಕೂತಿತ್ತು.

ಇವತ್ತು ಬರೀತಿರೋದು ಆ ಲೋಟದ ಬಗ್ಗೆ.

ಸೋಂಕು ತಡೆಯೋದು ಅಂದ್ರೆ ಮನುಷ್ಯರನ್ನ ದೂರ ಇಡೋದು ಅಂತ ನಮ್ಮ ದೇಶದ ತಲೆಯಲ್ಲಿ ಕೂತುಬಿಟ್ಟಿದೆ. ಕೊರೊನಾ ಬಂದಾಗ ನೆನಪಿದೆಯಲ್ಲ? "ನೋಡಿ, ನಮ್ಮ ಹಿರಿಯರು ಮಡಿ ಅಂತ ಮಾಡಿದ್ದು ಸುಮ್ಮನೆ ಅಲ್ಲ, ಎಲ್ಲ ವೈಜ್ಞಾನಿಕ" ಅಂತ ಮೆಸೇಜುಗಳು ಹರಿದಾಡಿದವು. ವಾಟ್ಸಾಪಿನಲ್ಲಿ ನನ್ನ ಕಚೇರಿಯ ಸಹೋದ್ಯೋಗಿಗಳೇ ಹಾಕಿದರು. "ಸಾಮಾಜಿಕ ಅಂತರ" ಅನ್ನೋ ಪದ ಕೇಳಿ ಎಷ್ಟೋ ಜನಕ್ಕೆ ಒಳಗೊಳಗೇ ಸಮಾಧಾನ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ "ದೈಹಿಕ ಅಂತರ ಅನ್ನಿ" ಅಂತ ಮಾತು ಬದಲಿಸಿತು. ನಮ್ಮಲ್ಲಿ ಆ ಪದ ಬದಲಾಗಲೇ ಇಲ್ಲ.

ಸರಿ, ವೈಜ್ಞಾನಿಕ ಅಂದ್ರಲ್ಲ, ಪರೀಕ್ಷೆ ಮಾಡೋಣ. ರೋಗ ತಡೆಯೋ ನಿಯಮ ಆಗಿದ್ರೆ ಅದು ರೋಗಾಣು ಹೋಗುವ ದಾರಿ ನೋಡಬೇಕು. ಯಾರಿಗೆ ರೋಗ ಇದೆಯೋ ಅವರಿಗೆ, ಎಷ್ಟು ದಿನ ಇದೆಯೋ ಅಷ್ಟು ದಿನ ಮಾತ್ರ ಅನ್ವಯ ಆಗಬೇಕು. ವಾಸಿಯಾದ ಮೇಲೆ ನಿಲ್ಲಬೇಕು. ಎಲ್ಲರಿಗೂ ಒಂದೇ ಆಗಿರಬೇಕು. ಮಡಿ ಹಾಗಿದೆಯಾ? ಹುಟ್ಟಿದ ಕೂಸಿಗೆ ಮೈಲಿಗೆ, ಸಾಯೋವರೆಗೂ ಮೈಲಿಗೆ. ಸ್ನಾನ ಮಾಡಿ ಬಿಳಿ ಅಂಗಿ ಹಾಕ್ಕೊಂಡು ಬಂದ ನಮ್ಮ ಹುಡುಗ ಮೈಲಿಗೆ, ಕೆಮ್ಮಿ ಕ್ಯಾಕರಿಸೋ ಗೌಡರು ಮೈಲಿಗೆ ಅಲ್ಲ. ಇದು ರೋಗದ ಲೆಕ್ಕ ಅಲ್ಲ, ಯಜಮಾನಿಕೆಯ ಲೆಕ್ಕ.

ಮಹಾಡ್ ನೆನಪು ಮಾಡ್ಕೊಳ್ಳಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ನಡೆದು ಹೋಗಿ ಬೊಗಸೆ ನೀರು ಕುಡಿದರು. ಆಮೇಲೆ ಸವರ್ಣರು ಕೆರೆ "ಶುದ್ಧಿ" ಮಾಡಿದ್ದು ಹೇಗೆ? ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಕೊಡ ಸುರಿದು. ಕುಡಿಯೋ ನೀರಿಗೆ ಸಗಣಿ! ಮನುಷ್ಯರ ಕೈ ತಾಗಿದ ನೀರು ಹೊಲಸು, ಸಗಣಿ ಬಿದ್ದ ನೀರು ಶುದ್ಧ. ಮಡಿಗೂ ಸ್ವಚ್ಛತೆಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದ್ರೆ ಈ ಒಂದು ಉದಾಹರಣೆ ಹೇಳಿ ಸಾಕು.

ಇನ್ನೊಂದು ಕಥೆ ವಿಯೆನ್ನಾದ್ದು. 1847. ಅಲ್ಲಿನ ದೊಡ್ಡ ಆಸ್ಪತ್ರೇಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರುಗಳು, ವೈದ್ಯ ವಿದ್ಯಾರ್ಥಿಗಳು. ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಾರ್ಡಲ್ಲೇ ಬಾಣಂತಿಯರು ಜಾಸ್ತಿ ಸಾಯ್ತಿದ್ದರು. ಸೆಮ್ಮೆಲ್‌ವೈಸ್ ಅನ್ನೋ ವೈದ್ಯ ತಲೆ ಕೆಡಿಸಿಕೊಂಡು ಹುಡುಕಿದ. ಡಾಕ್ಟರುಗಳು ಹೆಣ ಕೊಯ್ದು ಕಲಿತು, ಅದೇ ಕೈಯಲ್ಲಿ ಬಂದು ಹೆರಿಗೆ ಮಾಡಿಸ್ತಿದ್ದರು. ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆದು ಬನ್ನಿ ಅಂತ ನಿಯಮ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ ನೂರಕ್ಕೆ 2ರ ಆಸುಪಾಸಿಗೆ ಇಳೀತು. ಆದರೆ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ನಮ್ಮ ಕೈ ಹೊಲಸು ಅಂತ ಹೇಳೋಕೆ ಇವನ್ಯಾರು ಅನ್ನೋ ಸಿಟ್ಟು. ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ಸತ್ತ.

ಈ ಕಥೇಲಿ ನನಗೆ ಮುಖ್ಯ ಅನ್ಸೋದು ಒಂದೇ. ರೋಗ ಹೊತ್ತು ತಿರುಗಿದ್ದು ಊರಿನ ಅತಿ ಗೌರವದ ಕೈಗಳು. ರೋಗಾಣು ಆ ಕೈಗಳಿಗೆ ಮರ್ಯಾದೆ ಕೊಡಲಿಲ್ಲ. ಇವತ್ತಿಗೂ ಹಾಗೆಯೇ. ರೋಗಿಯನ್ನು ಮುಟ್ಟುವ ಮುಂಚೆ ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ, ಸೂಜಿ-ನಳಿಕೆ ಹಾಕುವ ಮುಂಚೆ, ರಕ್ತ-ಕೀವು ತಾಗಿದ ಮೇಲೆ, ರೋಗಿಯ ಹಾಸಿಗೆ-ಮಂಚ ಮುಟ್ಟಿದ ಮೇಲೆ ಕೈ ಶುದ್ಧ ಮಾಡ್ಕೋಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭ ಹೇಳುತ್ತೆ. ಇದು ದೊಡ್ಡ ಡಾಕ್ಟರಿಗೂ ಅನ್ವಯ, ಆಯಾಗೂ ಅನ್ವಯ. ನಿಮ್ಮವರು ವಾರ್ಡಲ್ಲಿದ್ದಾಗ "ಡಾಕ್ಟ್ರೇ, ಕೈ ತೊಳ್ಕೊಂಡ್ರಾ?" ಅಂತ ಕೇಳಿ ನೋಡಿ, ಅವರ ಮುಖ ಹೇಗಾಗುತ್ತೆ ಅಂತ. ಆದರೂ ಕೇಳಿ. ಅದು ನಮ್ಮ ಹಕ್ಕು.

ಅವ್ವ ಸಾವಿತ್ರಿಬಾಯಿ ಫುಲೆಯವರನ್ನು ಅಕ್ಷರದ ತಾಯಿ ಅಂತ ಎಲ್ಲರೂ ನೆನೀತೀವಿ. ಅವರು ತೀರಿಕೊಂಡಿದ್ದು ಹೇಗೆ ಅಂತ ಎಷ್ಟು ಜನ ಹೇಳ್ತೀವಿ? 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಮಗ ಯಶವಂತನ ಜೊತೆ ಊರಾಚೆ ಚಿಕಿತ್ಸಾ ಕೇಂದ್ರ ನಡೆಸ್ತಿದ್ದರು. ಪ್ಲೇಗ್ ಬಡಿದ ಮಹಾರ್ ಕೇರಿಯ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದರು. ಅವರಿಗೂ ಸೋಂಕು ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಊರು ಮುಟ್ಟದ ಮಗುವನ್ನು ಅವರು ಮುಟ್ಟಿದರು. ಆ ತ್ಯಾಗಕ್ಕೆ ಕೈ ಮುಗೀತೀನಿ. ಜೊತೆಗೆ ಒಂದು ಮಾತು ಹೇಳ್ತೀನಿ: ಮುಟ್ಟುವವರು ಸಾಯಬಾರದು. 1897ರಲ್ಲಿ ಪ್ಲೇಗಿಗೆ ಔಷಧಿ ಇರಲಿಲ್ಲ. ಇವತ್ತು ಲಸಿಕೆ ಇದೆ, ಗ್ಲೌಸ್ ಇದೆ, ಮಾತ್ರೆ ಇದೆ, ಕಾನೂನೂ ಇದೆ. ಇಷ್ಟಿದ್ದೂ ನಮ್ಮ ಹೆಣ್ಣುಮಕ್ಕಳಿಗೆ ಸೂಜಿ ಚುಚ್ಚಿದ್ರೆ ಅದನ್ನು ಸೇವೆ, ತ್ಯಾಗ ಅಂತ ಕರೀಬೇಡಿ. ಕೊರೊನಾ ಕಾಲದಲ್ಲಿ ತಟ್ಟೆ ಬಡಿದರು, ಹೆಲಿಕಾಪ್ಟರ್‌ನಿಂದ ಆಸ್ಪತ್ರೆಗಳ ಮೇಲೆ ಹೂವು ಸುರಿದರು. ಸುರಿದ ಆ ಹೂವನ್ನು ಗುಡಿಸಿದವರು ಯಾರು?

ಈಗ ಕಾನೂನಿಗೆ ಬರ್ತೀನಿ. ನಾನು ಗುಮಾಸ್ತ, ಕಾನೂನಿನ ಕಾಗದ ಓದೋದು ನನ್ನ ಕಸುಬು. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016. ಆಸ್ಪತ್ರೆ, ಕ್ಲಿನಿಕ್, ಲ್ಯಾಬ್, ರಕ್ತನಿಧಿ ಎಲ್ಲಕ್ಕೂ ಇದು ಅನ್ವಯ. ಇದರ ಪ್ರಕಾರ:

ಹಳದಿ ಚೀಲ: ದೇಹದ ಭಾಗಗಳು, ರಕ್ತ-ಕೀವು ಅಂಟಿದ ಹತ್ತಿ, ಬ್ಯಾಂಡೇಜು, ಅವಧಿ ಮುಗಿದ ಔಷಧಿ.
ಕೆಂಪು ಚೀಲ: ಬಳಸಿದ ಪ್ಲಾಸ್ಟಿಕ್ಕು, ನಳಿಕೆ, ಗ್ಲೌಸ್, ಸೂಜಿ ತೆಗೆದ ಸಿರಿಂಜು.
ಬಿಳಿ ಡಬ್ಬ: ಸೂಜಿ, ಬ್ಲೇಡು. ಚುಚ್ಚಿದರೂ ತೂತಾಗದಂಥ, ಸೋರದಂಥ ಡಬ್ಬ.
ನೀಲಿ: ಗಾಜು.

ಬೇರ್ಪಡಿಸೋದು ಎಲ್ಲಿ? ಕಸ ಹುಟ್ಟುವ ಜಾಗದಲ್ಲೇ. ಅಂದ್ರೆ ಇಂಜೆಕ್ಷನ್ ಕೊಟ್ಟವರ ಕೈಯಿಂದ ಸೂಜಿ ನೇರ ಬಿಳಿ ಡಬ್ಬಕ್ಕೆ ಬೀಳಬೇಕು. ಹಿಂದೆ ಬಂದು ಕಸ ಎತ್ತುವವಳು ಆರಿಸೋ ಕೆಲಸ ಅಲ್ಲ ಇದು. ನಮ್ಮ ಹುಡುಗಿಗೆ ಸೂಜಿ ಚುಚ್ಚಿದ್ದು ಅವಳ ಅಜಾಗರೂಕತೆಯಿಂದ ಅಲ್ಲ. ಓದಿದ, ಬಿಳಿ ಕೋಟಿನ ಒಂದು ಕೈ ಬಿಳಿ ಡಬ್ಬದವರೆಗೆ ನಾಲ್ಕು ಹೆಜ್ಜೆ ನಡೆಯದೆ ಕಪ್ಪು ಚೀಲಕ್ಕೆ ಸೂಜಿ ಎಸೆದದ್ದರಿಂದ. "ಎತ್ತೋಕೆ ಅವರಿದ್ದಾರಲ್ಲ" ಅನ್ನೋ ಧೈರ್ಯದಿಂದ. ಆ ಧೈರ್ಯಕ್ಕೇ ನಾನು ಜಾತಿ ಅನ್ನೋದು. ಎಸೆದವರ ಜಾತಿ ಯಾವುದಾದರೂ ಆಗಿರಲಿ, ಎತ್ತುವವರು ಯಾರು ಅಂತ ಈ ದೇಶ ಮೊದಲೇ ತೀರ್ಮಾನ ಮಾಡಿಟ್ಟಿದೆ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ 70ರ ದಶಕದಲ್ಲಿ ಮಲ ಹೊರುವ ಪದ್ಧತಿ ನಿಷೇಧಿಸಿದರು. ತಲೆ ಮೇಲಿಂದ ಇಳೀತು. ಕೈಯಿಂದ ಇನ್ನೂ ಇಳಿದಿಲ್ಲ.

ಅದೇ ನಿಯಮ ಇನ್ನೂ ಹೇಳುತ್ತೆ. ಈ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ. ಸೇರುವಾಗ ಮತ್ತು ವರ್ಷಕ್ಕೊಮ್ಮೆ ತರಬೇತಿ. ರಕ್ಷಣಾ ಸಾಮಗ್ರಿ. ಸೂಜಿ ಚುಚ್ಚಿದಂಥ ಘಟನೆಗಳು ದಾಖಲಾಗಬೇಕು. ಇದೆಲ್ಲ ಆಸ್ಪತ್ರೆಯವರ ಜವಾಬ್ದಾರಿ. "ಅವರು ಏಜೆನ್ಸಿಯವರು, ನಮಗೆ ಸಂಬಂಧ ಇಲ್ಲ" ಅಂತ ಹೇಳೋ ಹಾಗಿಲ್ಲ.

ಹೆಪಟೈಟಿಸ್ ಬಿ ಯಾಕೆ ಇಷ್ಟು ಮುಖ್ಯ ಅಂತ ಕೇಳಬಹುದು. ಸೂಜಿ ಅಂದ ತಕ್ಷಣ ಎಲ್ಲರಿಗೂ ಎಚ್‌ಐವಿ ಭಯ. ಎಚ್‌ಐವಿ ಇರುವ ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ ಸೋಂಕು ಆಗೋದು ಸಾವಿರಕ್ಕೆ ಸುಮಾರು ಮೂವರಿಗೆ. ಹೆಪಟೈಟಿಸ್ ಬಿ ಇರುವವರ ಸೂಜಿ ಲಸಿಕೆ ಇಲ್ಲದವರಿಗೆ ಚುಚ್ಚಿದರೆ ನೂರಕ್ಕೆ 30 ಜನರವರೆಗೂ ಆಗಬಹುದು. ಒಣಗಿದ ರಕ್ತದಲ್ಲೂ ಆ ವೈರಸ್ ಕನಿಷ್ಠ ಏಳು ದಿನ ಜೀವಂತ ಇರುತ್ತೆ. ಲಿವರ್ ತಿಂದು ಹಾಕುತ್ತೆ. ಇದಕ್ಕೆ ಮೂರು ಡೋಸ್ ಲಸಿಕೆ ಇದೆ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ದುಬಾರಿಯೂ ಅಲ್ಲ. ಆದರೂ ಆರು ವರ್ಷ ಯಾರಿಗೂ ನೆನಪಾಗಲಿಲ್ಲ.

ನೆನಪಾಗಲಿಲ್ಲ ಅಂದ್ರೆ ಕಾಗದದ ಮೇಲೆ ಇರಲಿಲ್ಲ ಅಂತಲ್ಲ. ರಿಜಿಸ್ಟರ್ ಹೇಗೆ ತುಂಬ್ತಾರೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್‌ಸ್ಪೆಕ್ಷನ್ ಹಿಂದಿನ ದಿನ ಒಂದೇ ಪೆನ್ನಲ್ಲಿ, ಒಂದೇ ಕೈಬರಹದಲ್ಲಿ, ಹನ್ನೆರಡು ತಿಂಗಳ ತರಬೇತಿ ಮುಗಿದಿರುತ್ತೆ. ತರಬೇತಿ ಅಂತ ತನಗೆ ಕೊಟ್ಟಿದ್ದು ಒಂದು ಸಹಿ ಮಾಡಿಸಿಕೊಂಡಿದ್ದು ಮಾತ್ರ ಅಂತ ನಮ್ಮ ಹುಡುಗಿ ಹೇಳಿದಳು. ಯಾವುದಕ್ಕೆ ಸಹಿ ಅಂತ ಓದಿ ಹೇಳಿದವರಿಲ್ಲ.

ಇಷ್ಟು ಆಸ್ಪತ್ರೆಯ ಮಾತಾಯ್ತು. ಇನ್ನು ಕೇರಿಯ ಮಾತು.

ಕೈ ತೊಳೆಯೋ ಚಿತ್ರ ಇರೋ ಪೋಸ್ಟರ್ ನಮ್ಮ ಅಂಗನವಾಡಿ ಗೋಡೆ ಮೇಲಿದೆ. ಅದರ ಕೆಳಗೆ ನಲ್ಲಿ ಇದೆ. ನಲ್ಲಿಯಲ್ಲಿ ನೀರು ಬರೋದು ನಾಲ್ಕು ದಿನಕ್ಕೊಮ್ಮೆ. ಹಾಗಾಗಿ ಜನ ಡ್ರಮ್ಮಲ್ಲಿ ನೀರು ಹಿಡಿದಿಡ್ತಾರೆ. ಮುಚ್ಚಳ ಇಲ್ಲದ ಡ್ರಮ್ಮಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತೆ. ವಾರ-ಹತ್ತು ದಿನಕ್ಕೆ ಅದು ಹಾರೋ ಸೊಳ್ಳೆ ಆಗುತ್ತೆ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟವರಿಗೆ ದಂಡ ಅಂತ ನಿಯಮ ತಂದಿತು. ನೀರು ಕೊಡದ ಕಚೇರಿಗೆ ದಂಡ ಇಲ್ಲ, ನೀರು ಹಿಡಿದಿಟ್ಟ ಅವ್ವನಿಗೆ ದಂಡ. ಡ್ರಮ್ಮನ್ನ ಬಟ್ಟೆ ಕಟ್ಟಿ ಮುಚ್ಚೋಣ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸೋಣ, ಅದು ನಮ್ಮ ಕೆಲಸ. ದಿನಾ ನೀರು ಬಿಡೋದು ಅವರ ಕೆಲಸ. ಒಂದನ್ನ ತೋರಿಸಿ ಇನ್ನೊಂದನ್ನ ಮರೆಸೋಕೆ ಬಿಡಬಾರದು.

ಚಿತ್ರದುರ್ಗದ ಕವಾಡಿಗರಹಟ್ಟಿ ಮರೆತಿಲ್ಲ ತಾನೇ? 2023ರ ಜುಲೈ ಕೊನೆ, ಆಗಸ್ಟ್ ಶುರು. ದಲಿತರ ಕೇರಿಯ ಜನ ಕಲುಷಿತ ನೀರು ಕುಡಿದು ವಾಂತಿ-ಭೇದಿಯಾಗಿ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಜೀವಗಳೂ ಹೋದವು. ಆ ಜನ ಕೈ ತೊಳೆದಿದ್ದರೆ ಬದುಕ್ತಿದ್ದರಾ? ಯಾವ ನೀರಲ್ಲಿ ತೊಳೀಬೇಕಿತ್ತು? ಲಂಡನ್ನಿನಲ್ಲಿ 1854ರಲ್ಲಿ ಜಾನ್ ಸ್ನೋ ಅನ್ನೋ ಡಾಕ್ಟರ್ ಕಾಲರಾ ಸತ್ತವರ ಮನೆಗಳ ಲೆಕ್ಕ ಹಾಕಿ, ಒಂದು ಬೀದಿ ಪಂಪಿನ ನೀರೇ ಕಾರಣ ಅಂತ ತೋರಿಸಿ, ಅದರ ಹಿಡಿ ತೆಗೆಸಿದ. ಆತ ಜನರಿಗೆ ನೀತಿ ಪಾಠ ಹೇಳಲಿಲ್ಲ. ನೀರಿನ ಮೂಲಕ್ಕೆ ಕೈ ಹಾಕಿದ. ಕೊಳವೆ ಒಡೆದು ಚರಂಡಿ ಸೇರುವ ಕಡೆ ಮೊದಲು ರಿಪೇರಿ ಆಗಬೇಕು, ಆಮೇಲೆ ಪೋಸ್ಟರ್ ಅಂಟಿಸಲಿ.

ಕ್ಷಯದ ವಿಷಯವೂ ಇದೇ. ಟಿಬಿ ಗಾಳಿಯಿಂದ ಹರಡುತ್ತೆ. ತಟ್ಟೆಯಿಂದ ಅಲ್ಲ, ಲೋಟದಿಂದ ಅಲ್ಲ, ಮುಟ್ಟೋದರಿಂದಲೂ ಅಲ್ಲ. ಕಿಟಕಿ ಇಲ್ಲದ ಒಂದೇ ಕೋಣೇಲಿ ಆರು ಜನ ಮಲಗಿದ್ರೆ, ಅಲ್ಲೊಬ್ಬರಿಗೆ ಕೆಮ್ಮಿದ್ರೆ, ಹರಡದೆ ಇನ್ನೇನು? ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಮಾತ್ರೆ ಎರಡೂ ಸರ್ಕಾರದಲ್ಲಿ ಉಚಿತ. ಆಹಾರಕ್ಕೆ ಅಂತ ತಿಂಗಳಿಗೆ ಕೊಡ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ, ಬ್ಯಾಂಕ್ ಖಾತೆಗೆ ಬರಬೇಕು. ಬರದಿದ್ರೆ ಜಗಳ ಮಾಡಿ. ಮಾತ್ರೆ ಸರಿಯಾಗಿ ಶುರುವಾದ ಕೆಲವು ವಾರಗಳಲ್ಲಿ ಹರಡುವ ಶಕ್ತಿ ಬಹಳಷ್ಟು ಕಡಿಮೆ ಆಗುತ್ತೆ. ಆದರೆ ಮಧ್ಯದಲ್ಲಿ ಬಿಡಬಾರದು.

ಈಗ ಸ್ವಲ್ಪ ನಮ್ಮನ್ನೇ ಬೈಕೋಳೋಣ. ಸಿಟ್ಟಾಗಬೇಡಿ.

ನಮ್ಮ ಬಳಗದಲ್ಲಿ ಸ್ವಚ್ಛತೆ ಅಂದ ತಕ್ಷಣ "ಅದು ಬ್ರಾಹ್ಮಣ್ಯದ ಮಾತು" ಅಂತ ಒಂದು ಉಡಾಫೆ ಇದೆ. ಮಡಿಯನ್ನ ಒದ್ದು ಹಾಕೋಣ, ಸೋಪನ್ನ ಯಾಕೆ ಒದೀಬೇಕು? ಸೋಪಿಗೆ ಜಾತಿ ಇಲ್ಲ. ಪುರೋಹಿತರ ಕೈಯಲ್ಲೂ, ನಮ್ಮ ಕೈಯಲ್ಲೂ ಅದು ಒಂದೇ ಕೆಲಸ ಮಾಡುತ್ತೆ. ನಮ್ಮ ಕಾರ್ಯಕ್ರಮಗಳಲ್ಲಿ ಒಂದೇ ನೀರಿನ ಡ್ರಮ್ಮಿಗೆ ನೂರು ಜನ ಲೋಟ ಮುಳುಗಿಸೋದನ್ನ ನೋಡಿದ್ದೀನಿ. ನಲ್ಲಿ ಇರೋ ಡ್ರಮ್ ತರಿಸೋಕೆ ಏನು ಕಷ್ಟ?

ಸಣ್ಣ ಜ್ವರಕ್ಕೂ "ಒಂದು ಇಂಜೆಕ್ಷನ್ ಹಾಕಿ ಡಾಕ್ಟ್ರೇ, ಒಂದು ಬಾಟ್ಲಿ ಏರಿಸಿ" ಅಂತ ಕೇಳಿ ಹಾಕಿಸ್ಕೊಳ್ಳೋದು ನಾವೇ. ಅನಗತ್ಯ ಸೂಜಿ ಅಂದ್ರೆ ಅನಗತ್ಯ ಅಪಾಯ. ಹಾಕಿಸ್ಕೊಳ್ಳಲೇಬೇಕಾದ್ರೆ ಹೊಸ ಸಿರಿಂಜಿನ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೀಲಿ. ನೆಗಡಿಗೆ ಆ್ಯಂಟಿಬಯೋಟಿಕ್ ನುಂಗಬೇಡಿ. ಅದು ವೈರಸ್ಸಿಗೆ ಕೆಲಸ ಮಾಡಲ್ಲ.

ಇನ್ನು, ಮನೇಲಿ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಕಸದ ಬುಟ್ಟಿಗೆ ಹಾಕ್ತಾರೆ. ಬೆಳಿಗ್ಗೆ ಅದನ್ನ ಎತ್ತೋದು ಯಾರು? 2022ರ ಜುಲೈನಲ್ಲಿ ಖಾಯಂ ಮಾಡಿ ಅಂತ ರಾಜ್ಯದಾದ್ಯಂತ ಬೀದಿಗಿಳಿದ ನಮ್ಮದೇ ಪೌರಕಾರ್ಮಿಕ ಅಕ್ಕಂದಿರು. ಅವರ ಹೋರಾಟಕ್ಕೆ ಬೆಂಬಲ ಅಂತ ಪೋಸ್ಟ್ ಹಾಕಿ, ಅವರ ಕೈಗೇ ಸೂಜಿ ಕಳಿಸೋದು ನಾಚಿಕೆಗೇಡು. ದಪ್ಪ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, "ಸೂಜಿ ಇದೆ" ಅಂತ ಬರೆದು ಬೇರೆಯಾಗಿ ಕೊಡಿ. ಪ್ಯಾಡು, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡಿ.

ಕೊನೆಗೆ, ಈ ಕೆಳಗಿನದನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ, ಆಸ್ಪತ್ರೆ ಕೆಲಸಕ್ಕೆ ಹೋಗುವವರಿಗೆ ಓದಿ ಹೇಳಿ.

1. ಸೂಜಿ ಚುಚ್ಚಿದ ತಕ್ಷಣ ಸೋಪು, ಹರಿಯುವ ನೀರಲ್ಲಿ ತೊಳೆಯಿರಿ. ಹಿಂಡಬೇಡಿ. ಬೆರಳು ಬಾಯಿಗೆ ಇಡಬೇಡಿ. ಸ್ಪಿರಿಟ್, ಬ್ಲೀಚಿಂಗ್ ಹಾಕಿ ಉಜ್ಜಬೇಡಿ. ಕಣ್ಣಿಗೆ ರಕ್ತ ಹಾರಿದ್ರೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ.

2. ಆ ಗಂಟೆಯಲ್ಲೇ ಹೇಳಿ. ಬರೆದು ಕೊಡಿ, ಅದರ ಫೋಟೋ ಇಟ್ಕೊಳ್ಳಿ. ಯಾವ ರೋಗಿಯ ಸೂಜಿ ಅಂತ ಗೊತ್ತಿದ್ರೆ ಅದನ್ನೂ ಹೇಳಿ.

3. ಆಸ್ಪತ್ರೆಯವರು ಸ್ಪಂದಿಸದಿದ್ರೆ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗ ಅಥವಾ ಎಆರ್‌ಟಿ ಕೇಂದ್ರಕ್ಕೆ ಹೋಗಿ. ಎರಡು ಗಂಟೆಯೊಳಗೆ ಆದರೆ ಉತ್ತಮ, 72 ಗಂಟೆ ದಾಟಬಾರದು. ಮಾತ್ರೆ ಕೊಟ್ಟರೆ 28 ದಿನ ಒಂದೂ ತಪ್ಪಿಸಬೇಡಿ. ಹೆಪಟೈಟಿಸ್ ಬಿ ಬಗ್ಗೆ ನೀವಾಗಿಯೇ ಕೇಳಿ.

4. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಚೀಲವನ್ನು ಕೈಯಿಂದ ಒತ್ತಿ ತುಂಬಬೇಡಿ, ಮೈಗೆ ತಾಗಿಸಿ ಹೊರಬೇಡಿ. ಬಿಳಿ ಡಬ್ಬ ಮುಕ್ಕಾಲು ತುಂಬಿದಾಗಲೇ ಬದಲಿಸೋಕೆ ಹೇಳಿ.

5. ನಿಮಗೆ ಮೂರು ಡೋಸ್ ಆಗಿದೆಯಾ? ಕಾರ್ಡ್ ಇದೆಯಾ? ಇಲ್ಲದಿದ್ರೆ ನಾಳೆಯೇ ಲಿಖಿತವಾಗಿ ಕೇಳಿ. ಒಬ್ಬರೇ ಕೇಳಬೇಡಿ, ಹತ್ತು ಜನ ಸಹಿ ಮಾಡಿ ಕೇಳಿ.

ಸಂಘಟನೆಯ ಗೆಳೆಯರಿಗೆ ಒಂದು ಕೆಲಸ. ಪ್ರತಿ ಆಸ್ಪತ್ರೆ ವರ್ಷಕ್ಕೊಮ್ಮೆ, ಜೂನ್ 30ರೊಳಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ವಾರ್ಷಿಕ ವರದಿ ಕೊಡಬೇಕು. ಎಷ್ಟು ಜನಕ್ಕೆ ತರಬೇತಿ ಆಯ್ತು, ಎಷ್ಟು ಅವಘಡ ಆಯ್ತು ಅಂತ ಅದರಲ್ಲಿ ಕಾಲಂ ಇದೆ. ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ನಿಮ್ಮ ತಾಲೂಕಿನ ಆಸ್ಪತ್ರೆಗಳ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಮಂಡಳಿಯಿಂದ ಕೇಳಿ. ಅವಘಡದ ಕಾಲಂನಲ್ಲಿ ಸೊನ್ನೆ ಇದ್ರೆ, ಅಲ್ಲಿ ಕೆಲಸ ಮಾಡೋ ಅಕ್ಕಂದಿರನ್ನ ಕೂರಿಸ್ಕೊಂಡು ಕೈ ತೋರಿಸೋಕೆ ಹೇಳಿ. ಅರ್ಜಿ ಬರೆಯೋಕೆ ಕಷ್ಟ ಆದರೆ ನನಗೆ ಇನ್‌ಬಾಕ್ಸ್ ಮಾಡಿ, ನಾನೇ ಬರೆದು ಕೊಡ್ತೀನಿ. ಇಪ್ಪತ್ತು ವರ್ಷದಿಂದ ಸರ್ಕಾರಕ್ಕೆ ಬರೀತಿದ್ದೀನಿ, ನಮ್ಮವರಿಗೆ ನಾಲ್ಕು ಬರೆದರೆ ಕೈ ಸವೆಯಲ್ಲ. ನಮ್ಮ ಹುಡುಗಿಯ ಅರ್ಜಿ ಆಗಲೇ ಹೋಗಿದೆ. ಅವಳೇ ಸಹಿ ಮಾಡಿದಳು, ಈ ಸಲ ಓದಿಸಿಕೊಂಡು.

ಆ ಲೋಟದ ವಿಷಯ ಹೇಳಿ ಮುಗಿಸ್ತೀನಿ.

ಅವಳ ಅತ್ತೆಯನ್ನ ನಾನು ಬೈಯಲಿಲ್ಲ. ಆಕೆ ಕೆಟ್ಟವರಲ್ಲ, ಭಯ ಬಿದ್ದವರು. ಮೊಮ್ಮಗಳ ಮೇಲಿನ ಆಸೆಗೆ ಹಾಗೆ ಮಾಡಿದ್ದಾರೆ. ಕೂತು ಹೇಳಿದೆ: ಇದು ತಟ್ಟೆಯಿಂದ ಬರಲ್ಲ, ಒಟ್ಟಿಗೆ ಉಣ್ಣೋದರಿಂದ ಬರಲ್ಲ, ಅಪ್ಪಿಕೊಂಡ್ರೆ ಬರಲ್ಲ. ರಕ್ತದಿಂದ ಬರುತ್ತೆ. ಹಾಗಾಗಿ ಬ್ಲೇಡು, ಹಲ್ಲುಜ್ಜೋ ಬ್ರಶ್ಶು, ಉಗುರು ಕತ್ತರಿಸೋದು ಮಾತ್ರ ಬೇರೆ ಇರಲಿ. ಗಂಡ-ಹೆಂಡತಿ ಕೊನೆಯ ಪರೀಕ್ಷೆ ಬರೋವರೆಗೆ ಕಾಂಡೋಮ್ ಬಳಸಲಿ. ಅಷ್ಟೇ. "ನಮ್ಮನ್ನ ಊರವರು ದೂರ ಇಟ್ಟಾಗ ನಮ್ಮಲ್ಲಿ ಯಾವ ರೋಗ ಇತ್ತಮ್ಮ?" ಅಂದೆ. ಆಕೆ ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ಆಮೇಲೆ ಟೀ ಬಂತು. ನಾನು ಎದ್ದು ಹೋಗಿ ಬಚ್ಚಲ ಹತ್ತಿರ ಇದ್ದ ಅವಳ ಲೋಟ ತಂದು, ತೊಳೆದು, ಅದರಲ್ಲೇ ಕುಡಿದೆ. ಕಳೆದ ಭಾನುವಾರ ಹೋದಾಗ ಗೂಡು ಖಾಲಿ ಇತ್ತು. ಲೋಟ ಯಾವುದು ಅವಳದು ಅಂತ ಗುರುತು ಸಿಗಲಿಲ್ಲ, ಎಲ್ಲದರ ಜೊತೆ ಬೋರಲು ಹಾಕಿದ್ದರು.

ರೋಗಕ್ಕೆ ದಾರಿ ಇರುತ್ತೆ, ಆ ದಾರಿ ಮುಚ್ಚೋಣ. ಮನುಷ್ಯರಿಗೆ ಬಾಗಿಲು ಮುಚ್ಚೋದು ಬೇಡ.

ಮುಂದಿನ ತಿಂಗಳ ಪರೀಕ್ಷೆ ನೆಗೆಟಿವ್ ಬರಲಿ ಅಂತ ನೀವೂ ಬಯಸಿ. ಈ ಪೋಸ್ಟನ್ನ ಆಸ್ಪತ್ರೇಲಿ ಕೆಲಸ ಮಾಡೋ ಒಬ್ಬರಿಗಾದರೂ ತಲುಪಿಸಿ.

ಜೈಭೀಮ್.